ಗಾಯವನ್ನು ಮುಚ್ಚದ ಬರಹ

ಕಾಯಿಲೆಯಿಂದ ಎದ್ದು ಬಂದವರ ಆತ್ಮಕಥನಗಳ ಬೆನ್ನುಡಿಯಲ್ಲಿ ಆಗಾಗ ಕಾಣುವ ಮಾತೊಂದಿದೆ: ಬರವಣಿಗೆಯೇ ಮದ್ದಾಯಿತು. ಅದನ್ನು ಓದಿದಾಗಲೆಲ್ಲ ಕೇಳಬೇಕೆನಿಸುತ್ತದೆ, ಯಾವ ಕಾಯಿಲೆಗೆ? ಗೆಡ್ಡೆಯನ್ನು ತೆಗೆಯುವುದು ಶಸ್ತ್ರವೈದ್ಯರ ಕೆಲಸ. ಹಾಗಾದರೆ ಪೆನ್ನು ವಾಸಿಮಾಡಿದ್ದು ಏನನ್ನು?

ಈ ಪ್ರಶ್ನೆ ಇಟ್ಟುಕೊಂಡು ಆಡ್ರೆ ಲಾರ್ಡ್ ಅವರ 'ದಿ ಕ್ಯಾನ್ಸರ್ ಜರ್ನಲ್ಸ್' (1980) ಓದಬೇಕು. ನ್ಯೂಯಾರ್ಕಿನಲ್ಲಿ ಹುಟ್ಟಿ ಬೆಳೆದ ಈ ಕಪ್ಪು ಕವಯಿತ್ರಿಯ ಎದೆಯಲ್ಲಿ 1977ರಲ್ಲಿ ಒಂದು ಗೆಡ್ಡೆ ಕಾಣಿಸಿತು. ಶಸ್ತ್ರಚಿಕಿತ್ಸೆಗೆ ಮುಂಚೆ ಮೂರು ವಾರಗಳ ಕಾಯುವಿಕೆ. ಕೊನೆಗೆ ಅದು ಅಪಾಯವಿಲ್ಲದ ಗೆಡ್ಡೆ ಎಂದು ತಿಳಿಯಿತು. ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ದೇವರಿಗೆ ಕೈಮುಗಿದು ಮರೆತುಬಿಡುತ್ತೇವೆ. ಲಾರ್ಡ್ ಮರೆಯಲಿಲ್ಲ. ಸಾವು ಹತ್ತಿರ ಬಂದು ಹೋದಾಗ ತಾನು ಪಶ್ಚಾತ್ತಾಪ ಪಟ್ಟದ್ದು ಆಡಿದ ಮಾತುಗಳಿಗಲ್ಲ, ಆಡದೆ ಉಳಿಸಿದ ಮಾತುಗಳಿಗೆ ಎಂಬುದನ್ನು ಗುರುತಿಸಿಕೊಂಡರು. ಮರುವರ್ಷ ನಿಜವಾಗಿಯೂ ಕ್ಯಾನ್ಸರ್ ಬಂತು. ಬಲ ಸ್ತನವನ್ನು ತೆಗೆಯಬೇಕಾಯಿತು.

ಪುಸ್ತಕದ ಶಕ್ತಿ ಅದರ ಜೋಡಣೆಯಲ್ಲಿದೆ. ಪ್ರಬಂಧದ ನಡುನಡುವೆ ಲಾರ್ಡ್ ತಮ್ಮ ದಿನಚರಿಯ ತುಣುಕುಗಳನ್ನು ಇಡುತ್ತಾರೆ. ಪ್ರಬಂಧ ಬರೆಯುವವಳಿಗೆ ಮುಂದೇನಾಯಿತೆಂದು ಗೊತ್ತು. ದಿನಚರಿ ಬರೆಯುವವಳಿಗೆ ನಾಳೆ ಬೆಳಗ್ಗೆಯೇ ಗೊತ್ತಿಲ್ಲ. ಮೊದಲಿನವಳ ಸಮಾಧಾನ ಎರಡನೆಯವಳ ಹೆದರಿಕೆಯನ್ನು ಅಳಿಸಿಹಾಕದಂತೆ ಲೇಖಕಿ ಎಚ್ಚರ ವಹಿಸಿದ್ದಾರೆ. ಗೆದ್ದ ಮೇಲೆ ಬರೆದ ಕಥನಗಳಲ್ಲಿ ಮೊದಲು ಕಾಣೆಯಾಗುವುದು ಈ ಹೆದರಿಕೆಯೇ.

ಎಲ್ಲರಿಗೂ ನೆನಪಿನಲ್ಲಿ ಉಳಿಯುವ ಪ್ರಸಂಗ ಕೃತಕ ಸ್ತನದ್ದು. ಆಸ್ಪತ್ರೆಯಲ್ಲಿದ್ದ ಲಾರ್ಡ್ ಅವರನ್ನು ನೋಡಲು ಬಂದ ಸ್ವಯಂಸೇವಕಿ ಉಣ್ಣೆ ತುಂಬಿದ ತಿಳಿಗುಲಾಬಿ ಬಣ್ಣದ ಮೆತ್ತೆಯೊಂದನ್ನು ಕೊಡುತ್ತಾಳೆ. ಅದು ಇವರ ಮೈಬಣ್ಣಕ್ಕೂ ಹೊಂದುವುದಿಲ್ಲ. ಆಮೇಲೆ ವೈದ್ಯರ ಬಳಿ ಅದಿಲ್ಲದೆ ಹೋದಾಗ, ಹೀಗೆ ಬಂದರೆ ಉಳಿದವರ ಮನೋಬಲ ಕುಗ್ಗುತ್ತದೆ ಎಂದು ನರ್ಸ್ ಹೇಳುತ್ತಾಳೆ. ಒಂದು ಕಣ್ಣು ಕಳೆದುಕೊಂಡ ಇಸ್ರೇಲಿನ ಸೇನಾನಿ ಮೋಶೆ ದಯಾನ್‌ಗೆ ಗಾಜಿನ ಕಣ್ಣು ಹಾಕಿಕೊ ಎಂದು ಯಾರೂ ಹೇಳುವುದಿಲ್ಲವಲ್ಲ ಎಂಬುದು ಲಾರ್ಡ್ ಅವರ ಪ್ರಶ್ನೆ. ನನಗನಿಸುವಂತೆ ಎಷ್ಟೋ ರೋಗಕಥನಗಳು ಇಂಥ ಮೆತ್ತೆಗಳೇ. ನೋಡುವವರಿಗೆ ಮುಜುಗರವಾಗದಿರಲೆಂದು ಖಾಲಿ ಜಾಗವನ್ನು ತುಂಬುತ್ತವೆ.

ಇದಕ್ಕೆ ಎರಡು ವರ್ಷ ಮೊದಲು ಸೂಸನ್ ಸೊಂಟಾಗ್ ಅವರ 'ಇಲ್‌ನೆಸ್ ಆಸ್ ಮೆಟಫರ್' ಪ್ರಕಟವಾಗಿತ್ತು. ಅವರಿಗೂ ಸ್ತನ ಕ್ಯಾನ್ಸರ್ ಆಗಿತ್ತು. ಆದರೆ ಅವರು ತಮ್ಮ ಕಥೆ ಹೇಳಲಿಲ್ಲ. ರೋಗಕ್ಕೆ ಅಂಟಿದ ರೂಪಕಗಳನ್ನು, ಅದರಲ್ಲೂ ಯುದ್ಧದ ಭಾಷೆಯನ್ನು ಕಿತ್ತುಹಾಕುವುದೇ ಅವರ ಉದ್ದೇಶ. ಲಾರ್ಡ್ ಅದಕ್ಕೆ ವಿರುದ್ಧವಾಗಿ ತನ್ನನ್ನು ಯೋಧೆ ಎಂದು ಕರೆದುಕೊಳ್ಳುತ್ತಾರೆ. ಇಲ್ಲಿ ನನಗೆ ತಕರಾರಿದೆ. ಬದುಕಿದವಳು ಯೋಧೆಯಾದರೆ, ಪಕ್ಕದ ಹಾಸಿಗೆಯಲ್ಲಿ ತೀರಿಕೊಂಡವಳು ಸರಿಯಾಗಿ ಹೋರಾಡಲಿಲ್ಲವೇ? ಈ ಪ್ರಶ್ನೆಗೆ ಪುಸ್ತಕದಲ್ಲಿ ತೃಪ್ತಿಕರ ಉತ್ತರ ಸಿಗುವುದಿಲ್ಲ.

ಕನ್ನಡದಲ್ಲಿ ಬಿ.ವಿ. ಭಾರತಿಯವರ ಕ್ಯಾನ್ಸರ್ ಕಥನ 'ಸಾಸಿವೆ ತಂದವಳು' ಇದೆ. ಶೀರ್ಷಿಕೆಯೇ ಯೋಚನೆಗೆ ಹಚ್ಚುತ್ತದೆ. ಬುದ್ಧನ ಕಥೆಯ ಕಿಸಾಗೋತಮಿಗೆ ಸಾವಿಲ್ಲದ ಮನೆಯ ಸಾಸಿವೆ ಸಿಗಲೇ ಇಲ್ಲ. ಇವಳು 'ತಂದವಳು'. ಹಳೆಯ ಕಥೆಯನ್ನು ಹೀಗೆ ತಿರುಗಿಸಲು ಬೇಕಾದ ಧೈರ್ಯ ಯೋಧೆಯದಲ್ಲ. ಮನೆಮನೆ ಬಾಗಿಲು ತಟ್ಟಿದವಳದು.

1984ರಲ್ಲಿ ಲಾರ್ಡ್ ಅವರ ಕ್ಯಾನ್ಸರ್ ಯಕೃತ್ತಿಗೆ ಹರಡಿರುವುದು ತಿಳಿಯಿತು. ಅವರು ಮತ್ತೆ ದಿನಚರಿ ಬರೆದರು. ಅದು 1988ರ 'ಎ ಬರ್ಸ್ಟ್ ಆಫ್ ಲೈಟ್' ಸೇರಿತು. 1992ರಲ್ಲಿ ತೀರಿಕೊಂಡರು. ಬರವಣಿಗೆ ಅವರನ್ನು ಉಳಿಸಲಿಲ್ಲ. ಆದರೆ ಕೇಸ್ ಶೀಟಿನಲ್ಲಿ 'ರೋಗಿ' ಎಂದಷ್ಟೇ ಆಗಿದ್ದವಳಿಗೆ 'ನಾನು' ಎಂಬ ಪದವನ್ನು ಮರಳಿ ಕೊಟ್ಟಿತು. ಮುಂದಿನ ಸಲ ಇಂಥ ಪುಸ್ತಕ ಕೈಗೆ ಬಂದಾಗ, ಲೇಖಕರು ಗುಣವಾದರೇ ಎಂದು ಕೊನೆಯ ಪುಟ ತಿರುವುವ ಮುನ್ನ, ಆ 'ನಾನು' ಎಲ್ಲಿ ನಡುಗುತ್ತದೆ ಎಂದು ನೋಡೋಣ.