ಕೂರ್ಮಕಥೆಯೂ ತೋಟದ ಆಮೆಗಳೂ

ಪ್ರಾಕೃತದ ‘ಣಾಯಾಧಮ್ಮಕಹಾಓ’, ಅಂದರೆ ಜ್ಞಾತೃಧರ್ಮಕಥಾಂಗದ ನಾಲ್ಕನೆಯ ಅಧ್ಯಯನಕ್ಕೆ ಕೂರ್ಮವೆಂದೇ ಹೆಸರು. ದಿಗಂಬರ ಪರಂಪರೆಯು ಈ ಅಂಗವನ್ನು ಲುಪ್ತವಾದುದೆಂದು ಎಣಿಸುತ್ತದೆ; ಶ್ವೇತಾಂಬರ ಪರಂಪರೆಯಲ್ಲಿ ಅದು ಉಳಿದುಬಂದಿದೆ. ಕಥೆ ಚಿಕ್ಕದು. ವಾರಾಣಸಿಯ ಬಳಿ ಗಂಗಾತೀರದ ಮಡುವೊಂದರಿಂದ ಎರಡು ಆಮೆಗಳು ಸಂಜೆಯ ಹೊತ್ತು ಆಹಾರ ಅರಸಿ ದಡಕ್ಕೆ ಬರುತ್ತವೆ. ಎರಡು ನರಿಗಳು ಅವುಗಳ ಮೇಲೆ ಎರಗುತ್ತವೆ. ಆಮೆಗಳು ಕೈಕಾಲು ಕತ್ತುಗಳನ್ನು ಚಿಪ್ಪಿನೊಳಕ್ಕೆ ಸೆಳೆದುಕೊಂಡಾಗ ನರಿಗಳು ನಿರುಪಾಯವಾಗಿ ಮರೆಗೆ ಸರಿದು ಕಾಯುತ್ತವೆ. ಒಂದು ಆಮೆ ತಾಳ್ಮೆಗೆಟ್ಟು ಕಾಲನ್ನು ಹೊರಚಾಚಿ ಹತವಾಗುತ್ತದೆ. ಇನ್ನೊಂದು ಬಹುಕಾಲ ಅಡಗಿದ್ದು, ಸುತ್ತಲೂ ನೋಡಿ, ನಾಲ್ಕು ಕಾಲುಗಳನ್ನೂ ಒಮ್ಮೆಗೇ ಚಾಚಿ ಓಡಿ ಮಡುವನ್ನು ಸೇರುತ್ತದೆ.

ಉಪದೇಶಕರು ಈ ಕಥೆಯನ್ನು ಇಂದ್ರಿಯನಿಗ್ರಹಕ್ಕೆ ದೃಷ್ಟಾಂತವಾಗಿ ಹೇಳುವುದು ಯುಕ್ತವೇ. ಆದರೆ ಬಹುತೇಕ ಕೇಳುಗರ ಮನಸ್ಸಿನಲ್ಲಿ ಉಳಿಯುವುದು ಚಿಪ್ಪು ಮಾತ್ರ. ಚಿಪ್ಪಿದ್ದರೆ ಆಮೆಗೆ ಭಯವಿಲ್ಲ ಎಂಬ ಭಾವನೆ ಅಲ್ಲಿಂದಲೇ ಬೆಳೆದಂತಿದೆ. ಕಥೆಯ ಕೊನೆಯ ಭಾಗ ಬೇರೆ ಮಾತನ್ನೇ ಹೇಳುತ್ತದೆ. ಎರಡನೆಯ ಆಮೆ ಉಳಿದದ್ದು ಅಡಗಿದ್ದರಿಂದ ಮಾತ್ರವಲ್ಲ, ಓಡಿ ಸೇರಲು ಅದಕ್ಕೊಂದು ಮಡುವಿದ್ದುದರಿಂದ. ಮಡುವೇ ಇಲ್ಲದಿದ್ದರೆ ನರಿಗಳು ಇನ್ನೊಂದು ರಾತ್ರಿ ಕಾದಿದ್ದರೆ ಸಾಕಾಗಿತ್ತು.

ಮನೆಯ ಕೈತೋಟದಲ್ಲಿ, ಬಸದಿಯ ಪ್ರಾಕಾರದ ಹೂದೋಟದಲ್ಲಿ ಆಮೆಗಳನ್ನು ಕೂಡಿಡುವ ಪದ್ಧತಿಯನ್ನು ಪರೀಕ್ಷಿಸಬೇಕಾದದ್ದು ಈ ಬೆಳಕಿನಲ್ಲಿ. ಇಪ್ಪತ್ತನೆಯ ತೀರ್ಥಂಕರರಾದ ಮುನಿಸುವ್ರತ ಸ್ವಾಮಿಗಳ ಲಾಂಛನ ಕೂರ್ಮವಾದ್ದರಿಂದ ಈ ಪ್ರಾಣಿಯ ಮೇಲೆ ಶ್ರಾವಕರಿಗೆ ಅಭಿಮಾನವಿರುವುದು ಸಹಜ. ದೂರು ಅಭಿಮಾನದ ಮೇಲಲ್ಲ. ಬೇರೆ ಬೇರೆ ದೇಶದ, ಬೇರೆ ಬೇರೆ ಜಾತಿಯ ಆಮೆಗಳನ್ನು ಒಂದೇ ಆವರಣದಲ್ಲಿ ಬಿಟ್ಟು, ಅವು ಸದ್ದಿಲ್ಲದೆ ಇರುವುದನ್ನು ಕಂಡು, ಇದು ಕಿರಿದಾದ ಸಮವಸರಣವೆಂದು ಹಿಗ್ಗುವ ಮನೋಭಾವದ ಮೇಲೆ. ಸಮವಸರಣದಲ್ಲಿ ಜಾತಿವೈರದ ಪ್ರಾಣಿಗಳು ಒಟ್ಟಿಗೆ ಕುಳಿತದ್ದು ಜಿನಸಾನ್ನಿಧ್ಯದ ಮಹಿಮೆಯಿಂದ. ನಾಲ್ಕು ಅಡಿ ಗೋಡೆಯ ಮಹಿಮೆಯಿಂದಲ್ಲ. ಆಮೆ ಕೂಗುವುದಿಲ್ಲ, ನರಳುವುದಿಲ್ಲ. ಬಲಿಷ್ಠವಾದ ಇನ್ನೊಂದರ ಕಾಟಕ್ಕೆ ಅಂಜಿ ಮೇವು ಬಿಟ್ಟು ಮೂಲೆಯಲ್ಲಿ ಮುದುರಿದ ಆಮೆಯೂ ನೋಡುವವರ ಕಣ್ಣಿಗೆ ಶಾಂತವಾಗಿಯೇ ಕಾಣುತ್ತದೆ.

ಕನ್ನಡ ನುಡಿಯೂ ಇಲ್ಲಿ ಸ್ವಲ್ಪ ಮೋಸ ಮಾಡುತ್ತದೆ. ನೆಲದ ಮೇಲೆ ಬಾಳುವುದಕ್ಕೂ ನೀರಿನಲ್ಲಿ ಬಾಳುವುದಕ್ಕೂ ವಾಡಿಕೆಯಲ್ಲಿ ಆಮೆಯೆಂಬ ಒಂದೇ ಮಾತು. ಹೀಗಾಗಿ ದಾರಿಯಲ್ಲಿ ಸಿಕ್ಕಿದ ನೆಲದ ಆಮೆಯನ್ನು ಕರುಣೆಯಿಂದಲೇ ಕಲ್ಯಾಣಿಗೆ ಬಿಡುವವರುಂಟು. ನಕ್ಷತ್ರ ಆಮೆಗೆ ಈಜು ಬಾರದು. ಕಡಿದಾದ ಮೆಟ್ಟಿಲಿನ ಕೊಳದಲ್ಲಿ ಅದು ಮುಳುಗಿ ಸಾಯುತ್ತದೆ. ನೆಲದ ಆಮೆಗಳಲ್ಲಿಯೂ ಎಲ್ಲವೂ ಒಂದೇ ಅಲ್ಲ. ಸಾಕುಪ್ರಾಣಿಗಳ ಮಾರಾಟದಲ್ಲಿ ಇಂದು ಕಾಣಸಿಗುವ ಸುಲ್ಕಾಟ ಆಮೆ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಒಣ ಹುಲ್ಲುಗಾವಲಿನದು. ಅಂಗೈಯಲ್ಲಿ ಹಿಡಿಸುವ ಮರಿ ಬೆಳೆದು 40 ಕಿಲೋ ತೂಕವನ್ನೂ ಮೀರಬಲ್ಲದು, ನೆಲದಲ್ಲಿ ಆಳವಾದ ಬಿಲ ತೋಡುತ್ತದೆ. ಕೆಂಪುಗಾಲಿನ ಆಮೆ ದಕ್ಷಿಣ ಅಮೆರಿಕದ್ದು. ಅದಕ್ಕೆ ತೇವವೂ ನೆರಳೂ ಬೇಕು. ವಿಜಯಪುರದ ಬಿಸಿಲಿನಲ್ಲಿ ಎರಡನೆಯದು ಬಸವಳಿಯುತ್ತದೆ, ಮೂಡುಬಿದಿರೆಯ ಮಳೆಗಾಲದ ಕೆಸರಿನಲ್ಲಿ ಮೊದಲನೆಯದಕ್ಕೆ ಶ್ವಾಸರೋಗ ಹಿಡಿಯುತ್ತದೆ. ಒಂದಕ್ಕೆ ಒಣಹುಲ್ಲು ಪಥ್ಯ, ಇನ್ನೊಂದು ಹಣ್ಣನ್ನು ಚೆನ್ನಾಗಿ ತಿನ್ನುತ್ತದೆ. ಪೂಜೆಯಲ್ಲಿ ಉಳಿದ ಬಾಳೆಹಣ್ಣನ್ನು ಎರಡಕ್ಕೂ ಹಾಕಿದರೆ ಹುಲ್ಲು ತಿನ್ನುವ ಆಮೆಯ ಜೀರ್ಣಶಕ್ತಿ ಕೆಡುತ್ತದೆ. ಗಂಡು ಆಮೆಗಳು ಚಿಪ್ಪಿನ ಮುಂಚಾಚಿನಿಂದ ಗುದ್ದಿ ಎದುರಾಳಿಯನ್ನು ಬೋರಲು ಕೆಡವುತ್ತವೆ. ಹೀಗೆ ಬಿದ್ದದ್ದು ತಾನಾಗಿ ಏಳಲಾರದೆ ಹೋದರೆ, ನಡುಹಗಲ ಬಿಸಿಲಿನಲ್ಲಿ ಅರ್ಚಕರು ಸಂಜೆ ಬಂದು ನೋಡುವಷ್ಟರಲ್ಲಿ ಅದರ ಪ್ರಾಣ ಹೋಗಿರುತ್ತದೆ.

ಕಣ್ಣಿಗೆ ಕಾಣದ ಅಪಾಯ ಇದಕ್ಕಿಂತ ದೊಡ್ಡದು. ಒಂದು ಜಾತಿಯ ದೇಹದಲ್ಲಿ ತೊಂದರೆ ಕೊಡದೆ ಇರುವ ರೋಗಾಣು ಇನ್ನೊಂದು ಜಾತಿಗೆ ಮೃತ್ಯುವಾಗಬಹುದು. ಯೂರೋಪಿನ ತೋಟಗಳಲ್ಲಿ ಸಾಕುವ ಗ್ರೀಕ್ ಆಮೆಯು ಒಂದು ಬಗೆಯ ಹರ್ಪಿಸ್ ವೈರಾಣುವನ್ನು ಹೊತ್ತೂ ಆರೋಗ್ಯವಾಗಿರುವುದುಂಟು. ಅದೇ ವೈರಾಣು ಹರ್ಮನ್ ಆಮೆಗೆ ತಗುಲಿದರೆ ಬಾಯಿ ಹುಣ್ಣಾಗಿ ಬಹುಪಾಲು ಸಾಯುತ್ತವೆ. ಇಂಗ್ಲೆಂಡಿನಲ್ಲಿ ನೆಲೆಸಿ ತೋಟದಲ್ಲಿ ಆಮೆ ಸಾಕಿರುವ ಜೈನ ಕುಟುಂಬಗಳಿಗೆ ಇದು ನೇರವಾಗಿ ಅನ್ವಯಿಸುವ ವಿಷಯ. ಅಮೆರಿಕದ ಮೊಹಾವೆ ಮರುಭೂಮಿಯ ಆಮೆಯನ್ನು ಅಲ್ಲಿನ ಸರಕಾರ 1990ರಲ್ಲಿ ಅಪಾಯಕ್ಕೊಳಗಾದ ಜೀವಿಯೆಂದು ಸಾರಿತು. ಅದಕ್ಕಿದ್ದ ಹಲವು ಕಾರಣಗಳಲ್ಲಿ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನಿಂದ ಬರುವ ಶ್ವಾಸರೋಗವೂ ಒಂದು. ಮನೆಗಳಲ್ಲಿ ಸಾಕಿ, ಬೇಸರವಾದ ಮೇಲೆ ಕಾಡಿಗೆ ಬಿಟ್ಟ ಆಮೆಗಳಿಂದ ಆ ರೋಗ ಹಬ್ಬಿರಬೇಕೆಂಬ ಸಂಶಯ ಇಂದಿಗೂ ಉಳಿದಿದೆ.

ಉದ್ದೇಶ ಒಳ್ಳೆಯದಿದ್ದ ಮೇಲೆ ಹಿಂಸೆಯ ದೋಷವೆಲ್ಲಿಯದು ಎಂದು ಕೆಲವರು ಕೇಳುವುದುಂಟು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು ಸೇರಿಸಿದೆ ಎಂಬುದನ್ನು ಅವರು ಮರೆಯುತ್ತಾರೆ. ವಿಚಾರಿಸದೆ ಇರುವುದೂ ಪ್ರಮಾದವೇ. ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕಟ್ಟಿಹಾಕುವುದು, ಅಂಗವನ್ನು ಕತ್ತರಿಸುವುದು, ಅನ್ನಪಾನಗಳನ್ನು ತಡೆಯುವುದು ಎಂಬ ಮೂರು ಇಲ್ಲಿ ಪ್ರಸ್ತುತ. ಚಿಪ್ಪು ಆಮೆ ತೊಟ್ಟ ಕವಚವಲ್ಲ. ಪಕ್ಕೆಲುಬು, ಬೆನ್ನೆಲುಬುಗಳು ಕೂಡಿಯೇ ಆದದ್ದು, ಅದರಲ್ಲಿ ನರವೂ ರಕ್ತವೂ ಹರಿಯುತ್ತವೆ. ಹಿಂದೆ ಬ್ರಿಟನ್ನಿನಲ್ಲಿ ಚಿಪ್ಪಿನ ಅಂಚಿಗೆ ತೂತು ಕೊರೆದು ದಾರ ಕಟ್ಟಿ ಆಮೆಯನ್ನು ಹುಲ್ಲಿಗೆ ಬಿಡುತ್ತಿದ್ದರು. ಒಂದೇ ಕೃತ್ಯದಲ್ಲಿ ಎರಡು ಅತಿಚಾರ. ಅನ್ನಪಾನದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಕಪ್ಪೆ, ಮೀನು, ಬಸವನಹುಳುಗಳನ್ನು ತಿಂದು ಬಾಳುವ ನೀರಾಮೆಯನ್ನು ತೊಟ್ಟಿಯಲ್ಲಿಟ್ಟು ಮಂಡಕ್ಕಿ ಹಾಕಿ ಸಾಕುವುದು ಅದನ್ನು ಸಸ್ಯಾಹಾರಿಯಾಗಿಸಿದ ಪುಣ್ಯವಲ್ಲ, ಅದರ ಆಹಾರವನ್ನು ತಡೆದ ದೋಷ. ಅದಕ್ಕೆ ತಕ್ಕ ಆಹಾರವನ್ನು ತನ್ನ ಕೈಯಿಂದ ಕೊಡಲಾರದ ಮನೆ ಆ ಪ್ರಾಣಿಯನ್ನು ತರಲೇಬಾರದಿತ್ತು.

ಕಮಠವೆಂಬ ಶಬ್ದಕ್ಕೂ ಆಮೆಯೆಂದೇ ಅರ್ಥ. ಪಾರ್ಶ್ವನಾಥ ಸ್ವಾಮಿಗಳ ಜನ್ಮಾಂತರದ ವೈರಿಗೆ ಅದೇ ಹೆಸರು. ಆ ಜೀವವು ತಾಪಸನಾಗಿ ಪಂಚಾಗ್ನಿಯ ನಡುವೆ ತಪಸ್ಸಿಗೆ ಕುಳಿತಾಗ, ಕಟ್ಟಿಗೆಯೊಳಗೆ ಸರ್ಪವಿದೆಯೆಂದು ಕುಮಾರ ಪಾರ್ಶ್ವನು ಎಚ್ಚರಿಸಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ತಾಪಸನಿಗೆ ತಪಸ್ಸು ಕಂಡಿತು, ಸರ್ಪ ಕಾಣಲಿಲ್ಲ. ಅಂಗಡಿಯಿಂದ ಆಮೆಯನ್ನು ಕೊಂಡು ಬಸದಿಗೆ ಒಪ್ಪಿಸಿ ಅದನ್ನು ಅಭಯದಾನವೆನ್ನುವವರಿಗೆ ಕಾಣದಿರುವುದೂ ಇಂಥದೇ: ಕೊಟ್ಟ ಹಣದಿಂದ ಮಾರುವವನು ಇನ್ನಷ್ಟು ಆಮೆಗಳನ್ನು ಹಿಡಿಸುತ್ತಾನೆ. ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನು 2019ರಲ್ಲಿ ಸೈಟಿಸ್ ಒಪ್ಪಂದದ ಮೊದಲನೆಯ ಪರಿಶಿಷ್ಟಕ್ಕೆ ಸೇರಿಸಿ ನಿಷೇಧಿಸಬೇಕಾಗಿ ಬಂದದ್ದು ಆ ಪ್ರಾಣಿಯನ್ನು ಚೀಲಗಟ್ಟಲೆ ಸಾಗಿಸುತ್ತಿದ್ದುದರಿಂದ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಮನೆಯಲ್ಲಾಗಲಿ ಬಸದಿಯಲ್ಲಾಗಲಿ ಇಟ್ಟುಕೊಳ್ಳುವುದು ಅಪರಾಧ. ಸಿಕ್ಕಿದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಸೈಟಿಸ್ ಪಟ್ಟಿಯಲ್ಲಿರುವ ಪರದೇಶದ ಜಾತಿಗಳನ್ನು ಹೊಂದಿರುವವರು 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ನೋಂದಾಯಿಸಬೇಕು. ಬೇಡವೆನಿಸಿದಾಗ ಕೆರೆಗೆ ಬಿಡುವುದಂತೂ ಸಲ್ಲದು. ಉತ್ತರ ಅಮೆರಿಕದ ಕೆಂಪುಕಿವಿಯ ನೀರಾಮೆ ಹೀಗೆ ಬಿಟ್ಟಲ್ಲೆಲ್ಲ ಊರಿನ ಆಮೆಗಳ ಆಹಾರವನ್ನೂ ಬಿಸಿಲು ಕಾಯಿಸುವ ಕಲ್ಲನ್ನೂ ಕಸಿದುಕೊಳ್ಳುತ್ತದೆ.

ಈಗಾಗಲೇ ಕೈಸೇರಿರುವ ಪರದೇಶದ ಆಮೆಗಳನ್ನು ಬಿಡುವಂತಿಲ್ಲ, ಕೊಲ್ಲುವ ಮಾತೇ ಇಲ್ಲ. ಅವುಗಳನ್ನು ಅವುಗಳ ಆಯುಷ್ಯ ಮುಗಿಯುವವರೆಗೆ ಸರಿಯಾಗಿ ನೋಡಿಕೊಳ್ಳಬೇಕು. ಜಾತಿಗೊಂದು ಆವರಣ, ಆವರಣಕ್ಕೊಂದು ನೀರಿನ ತಟ್ಟೆ. ಒಂದರಲ್ಲಿ ಬಳಸಿದ ಪೊರಕೆ, ಬುಟ್ಟಿಗಳು ಇನ್ನೊಂದಕ್ಕೆ ಹೋಗಕೂಡದು. ಹೊಸದಾಗಿ ಬಂದದ್ದು ತನ್ನದೇ ಜಾತಿಯದಾದರೂ ಕನಿಷ್ಠ ಆರು ತಿಂಗಳು ಬೇರೆಯಾಗಿರಬೇಕು. ಎರಡು ಗಂಡುಗಳು ಜಗಳವಾಡಿದರೆ ಅವುಗಳಿಗೂ ಬೇರೆ ಬೇರೆ ಜಾಗ. ತಂತಿಬಲೆಯ ಬೇಲಿಗಿಂತ ಆಚೆ ಕಾಣದ ಗೋಡೆ ಮೇಲು. ಆಚೆಬದಿ ಕಂಡರೆ ಆಮೆ ದಿನವಿಡೀ ಅಲ್ಲಿಯೇ ತಲೆಯೊತ್ತಿ ಸವೆಯುತ್ತದೆ. ತೋಡುವ ಜಾತಿಯಿದ್ದರೆ ಗೋಡೆಯ ಬುನಾದಿ ನೆಲದೊಳಕ್ಕೆ ಆಳವಾಗಿ ಇಳಿದಿರಬೇಕು. ನೀರಿನ ತಟ್ಟೆ ಆಮೆಯ ಗದ್ದಕ್ಕಿಂತ ಆಳವಾಗಿರಬಾರದು. ಬಿಸಿಲೂ ನೆರಳೂ ಎರಡೂ ಇರಬೇಕು. ಮರಿಗಳಿದ್ದರೆ ಕಾಗೆ, ಮುಂಗುಸಿ, ನಾಯಿಗಳಿಂದ ರಕ್ಷಣೆಗೆ ಮೇಲೆ ಬಲೆ ಬೇಕು. ಬಸದಿಯ ತೋಟಗಳಲ್ಲಿ ವಿಶೇಷವಾಗಿ ಗಮನಿಸಬೇಕಾದ ಗಿಡ ಕಣಗಿಲೆ. ಪೂಜೆಯ ಹೂವಿಗೆಂದು ಬೆಳೆಸುವ ಅದರ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಉದುರಿದ್ದನ್ನು ಹಸು ತಿಂದರೂ ಸಾಯುತ್ತದೆ, ಆಮೆ ತಿಂದರೂ ಸಾಯುತ್ತದೆ.

ಇಷ್ಟಕ್ಕೆ ಜಾಗವೂ ಜನವೂ ಇಲ್ಲದ ಟ್ರಸ್ಟು ಎರಡನೆಯ ಜಾತಿಯನ್ನು ಸ್ವೀಕರಿಸಲೊಪ್ಪದಿರುವುದು ಧರ್ಮಕ್ಕೆ ಕುಂದಲ್ಲ. ದಾನಿಗಳು ಬೇಸರಪಟ್ಟರೂ ಸರಿಯೇ. ಸುಲ್ಕಾಟ ಆಮೆ ಐವತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ಆಡಳಿತ ಮಂಡಳಿಗಳ ಅವಧಿ ಕೆಲವೇ ವರ್ಷ. ಆದ್ದರಿಂದ ಸ್ವೀಕರಿಸಿದ ಪ್ರತಿಯೊಂದು ಆಮೆಯ ಜಾತಿ, ನೋಂದಣಿ, ಮೇವಿನ ಕ್ರಮ, ನೋಡಿಕೊಳ್ಳುವವರ ಹೆಸರು, ಕರೆಯಬೇಕಾದ ಪಶುವೈದ್ಯರು ಯಾರೆಂಬುದು ನಡವಳಿ ಪುಸ್ತಕದಲ್ಲಿ ಬರೆದಿರಬೇಕು. ಮಂಡಳಿ ಬದಲಾಗುವ ದಿನ ಭಂಡಾರದ ಬೀಗದ ಕೈ, ಪೂಜಾಪಾತ್ರೆಗಳೊಡನೆ ಆಮೆಗಳನ್ನೂ ಎಣಿಸಿ, ಬೋರಲು ಬಿದ್ದದ್ದು ಯಾವುದೂ ಇಲ್ಲವೆಂದು ನೋಡಿ ವಹಿಸಿಕೊಡಬೇಕು.