ಪಾಸ್‌ವರ್ಡ್ ಇಲ್ಲದವರ ತಂತ್ರಾಂಶ: ಎಷ್ಟು ನಿಜ?

ಸಿದ್ದಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯ ಗಣಕ ಕೊಠಡಿಯನ್ನು ಕಲ್ಪಿಸಿಕೊಳ್ಳಿ. ಯಂತ್ರಗಳಲ್ಲಿ ಉಬುಂಟು ಲಿನಕ್ಸ್ ಇದೆ. ಮೇಲ್ವಿಚಾರಣೆಯ ಪಾಸ್‌ವರ್ಡ್ ಮಾತ್ರ ಅದನ್ನು ಅಳವಡಿಸಿ ಹೋದವರ ಬಳಿಯೇ ಉಳಿದಿದೆ. ಶಿಕ್ಷಕರದು ಸೀಮಿತ ಬಳಕೆದಾರನ ಖಾತೆ. ಮಳೆಗಾಲದ ನಾಲ್ಕು ತಿಂಗಳು ಮಲೆನಾಡಿನಲ್ಲಿ ನಕ್ಷತ್ರ ಕಾಣುವುದೇ ಅಪರೂಪ. ಪಾಠಕ್ಕೆ ಸ್ಟೆಲೇರಿಯಂ ತಂತ್ರಾಂಶವೇ ಗತಿ. ಅಳವಡಿಸಹೊರಟರೆ ಗಣಕ ಪಾಸ್‌ವರ್ಡ್ ಕೇಳುತ್ತದೆ.

ಇದಕ್ಕೆ ಪರಿಹಾರವೆಂದು ಹೇಳಲಾಗುವುದು ಆ್ಯಪ್‌ಇಮೇಜ್. ಸೈಮನ್ ಪೀಟರ್ 2004ರಲ್ಲಿ ‘ಕ್ಲಿಕ್’ ಎಂಬ ಹೆಸರಿನಲ್ಲಿ ಆರಂಭಿಸಿದ ಕೆಲಸ 2013ರಲ್ಲಿ ಈ ಹೆಸರು ಪಡೆಯಿತು. ಒಂದು ತಂತ್ರಾಂಶಕ್ಕೆ ಒಂದೇ ಕಡತ. ಅಳವಡಿಸಬೇಕಿಲ್ಲ, ಕ್ಲಿಕ್ಕಿಸಿದರೆ ಸಾಕು ಎಂಬುದು ಅದರ ಭರವಸೆ. ಭರವಸೆ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ.

ಕಡತದ ಮುಂಭಾಗದಲ್ಲಿ ಪುಟ್ಟ ಚಾಲಕ ಭಾಗ, ಅದರ ಹಿಂದೆ ಒತ್ತಿ ತುಂಬಿದ ಇಡೀ ತಂತ್ರಾಂಶ ಇರುತ್ತದೆ. ಚಾಲಕವು ‘ಫ್ಯೂಸ್’ ವ್ಯವಸ್ಥೆಯ ಮೂಲಕ ಅದನ್ನು ತಾತ್ಕಾಲಿಕ ಜಾಗದಲ್ಲಿ ತೆರೆದು ನಡೆಸುತ್ತದೆ. ವ್ಯವಸ್ಥೆಯ ಕಡತಗಳನ್ನು ಮುಟ್ಟುವುದೇ ಇಲ್ಲವಾದ್ದರಿಂದ ಪಾಸ್‌ವರ್ಡ್ ಬೇಡ. ಆದರೆ ಹಲವು ಆ್ಯಪ್‌ಇಮೇಜ್‌ಗಳಿಗೆ ಫ್ಯೂಸ್‌ನ 2ನೆಯ ಆವೃತ್ತಿ ಬೇಕು, ಉಬುಂಟು 22.04ರಲ್ಲಿ ಅದು ತಾನಾಗಿ ಬರುವುದಿಲ್ಲ. ಅಳವಡಿಸಲು ಏನು ಬೇಕು? ಅದೇ ಪಾಸ್‌ವರ್ಡ್! ಕಡತವನ್ನು ಬಿಚ್ಚಿ ನಡೆಸುವ ಇನ್ನೊಂದು ದಾರಿಯಿದೆ, ನಿಧಾನವಾದರೂ ಕೆಲಸ ನಡೆಯುತ್ತದೆ. ಅದನ್ನು ಕ್ಲಿಕ್ಕಿಸಿ ಪಡೆಯಲಾಗದು, ಆದೇಶ ಟೈಪಿಸಬೇಕು.

ಇನ್ನು ಪೆನ್‌ಡ್ರೈವ್. ಅಂತರ್ಜಾಲ ನೆಚ್ಚಿಕೊಳ್ಳಲಾಗದ ಊರಿನಲ್ಲಿ ತಂತ್ರಾಂಶ ಬರುವುದು ಅದರಲ್ಲೇ. ಅದರಲ್ಲಿ ಸಾಮಾನ್ಯವಾಗಿರುವ ಫ್ಯಾಟ್32 ವಿನ್ಯಾಸಕ್ಕೆ ಲಿನಕ್ಸ್‌ನ ಚಾಲನಾ ಅನುಮತಿಯನ್ನು ದಾಖಲಿಸಲು ಜಾಗವೇ ಇಲ್ಲ. ಉಬುಂಟು ಅಂಥ ಡ್ರೈವ್ ತೆರೆಯುವಾಗ ಹೆಸರಿನ ಕೊನೆಯಲ್ಲಿ ಇಎಕ್ಸ್‌ಇ, ಕಾಮ್ ಅಥವಾ ಬ್ಯಾಟ್ ಎಂದಿರುವ ಕಡತಗಳಿಗಷ್ಟೇ ಆ ಅನುಮತಿ ಕೊಡುತ್ತದೆ. ವಿಂಡೋಸಿನ ನೆಂಟರಿಗೆ ಮಣೆ, ಮನೆಯವರು ಹೊರಗೆ! ಕಡತವನ್ನು ಹೋಮ್ ಫೋಲ್ಡರಿಗೆ ನಕಲಿಸಿ ಅಲ್ಲಿ ಅನುಮತಿ ಕೊಡಬೇಕು. ಹೋಮ್‌ನಲ್ಲೂ ಚಾಲನೆ ನಿಷೇಧಿಸಿದ್ದರೆ ಅದು ಮೇಲ್ವಿಚಾರಕರು ಯೋಚಿಸಿಯೇ ಮಾಡಿದ ಕೆಲಸ. ಉಪಾಯ ಹುಡುಕುವ ಬದಲು ಅವರನ್ನು ಕೇಳುವುದೇ ಸರಿ.

ಸ್ಟೆಲೇರಿಯಂ ತೆರೆದುಕೊಂಡಿತು ಎನ್ನೋಣ. ಸಿದ್ದಾಪುರದ ಸ್ಥಾನವನ್ನು, ಅಂದರೆ ಸುಮಾರು 14.3 ಡಿಗ್ರಿ ಉತ್ತರ ಅಕ್ಷಾಂಶ, 74.9 ಡಿಗ್ರಿ ಪೂರ್ವ ರೇಖಾಂಶವನ್ನು ತುಂಬಿದಿರಿ. ಅದು ಉಳಿಯುವುದು ಆ ಯಂತ್ರದ ಹೋಮ್‌ನಲ್ಲಿ, ನಿಮ್ಮ ಪೆನ್‌ಡ್ರೈವ್‌ನಲ್ಲಲ್ಲ. ಪಕ್ಕದ ಯಂತ್ರದಲ್ಲಿ ಮತ್ತೆ ತುಂಬಬೇಕು. ಆ್ಯಪ್‌ಇಮೇಜ್‌ನ ಪಕ್ಕದಲ್ಲೇ ಅದಕ್ಕೊಂದು ಪ್ರತ್ಯೇಕ ಹೋಮ್ ಫೋಲ್ಡರ್ ರಚಿಸುವ ಸೌಲಭ್ಯವೇನೋ ಇದೆ, ಆದರೆ ಅದು ಕೇಳಿದವರಿಗೆ ಮಾತ್ರ.

ಕನ್ನಡದ ತೊಡಕು ಬೇರೆ. ಲಿಬ್ರೆಆಫೀಸ್ ಆ್ಯಪ್‌ಇಮೇಜ್ ಮೂರು ಬಗೆಯಲ್ಲಿ ದೊರೆಯುತ್ತದೆ. ಕನ್ನಡದ ಮೆನು ಬೇಕೆಂದರೆ ಎಲ್ಲ ಭಾಷೆಗಳಿರುವ ‘ಫುಲ್’ ಅನ್ನೇ ಆರಿಸಬೇಕು. ಅಕ್ಷರಶೈಲಿಯನ್ನು ಹೋಮ್‌ನಲ್ಲೇ ಪಾಸ್‌ವರ್ಡ್ ಇಲ್ಲದೆ ಸೇರಿಸಬಹುದು. ಟೈಪಿಸುವ ವ್ಯವಸ್ಥೆ ಹಾಗಲ್ಲ: ಅದರ ಕೊಂಡಿಯನ್ನು ತಂತ್ರಾಂಶದ ತಯಾರಕರು ಕಡತದೊಳಗೆ ಸೇರಿಸದಿದ್ದರೆ ಕೀಲಿಮಣೆ ಇಂಗ್ಲಿಷನ್ನೇ ಹೊಡೆಯುತ್ತದೆ.

ನನ್ನ ಮುಖ್ಯ ತಕರಾರು ಸುರಕ್ಷತೆಯದು. ‘ಸೀಮಿತ ಖಾತೆಯಲ್ಲಿ ನಡೆಸಿದರೆ ಅಪಾಯವಿಲ್ಲ’ ಎಂಬ ಮಾತು ಬಹಳ ಕೇಳಿಬರುತ್ತದೆ. ಕಾರ್ಯಾಚರಣ ವ್ಯವಸ್ಥೆಗೆ ಅಪಾಯ ಕಡಿಮೆ, ನಿಜ. ಅದು ಕೆಟ್ಟರೆ ಮತ್ತೆ ಹಾಕಿಕೊಳ್ಳಬಹುದು. ಶಾಲೆಗೆ ಅಮೂಲ್ಯವಾದ ಅಂಕಪಟ್ಟಿ, ಪ್ರಶ್ನೆಪತ್ರಿಕೆಗಳು ಇರುವುದು ಶಿಕ್ಷಕರ ಹೋಮ್‌ನಲ್ಲಿ. ಅಲ್ಲಿ ನಡೆಯುವ ಯಾವ ತಂತ್ರಾಂಶವೂ ಅವನ್ನು ಓದಬಲ್ಲದು, ಅಳಿಸಬಲ್ಲದು. ಕಡತದೊಳಗೆ ತಯಾರಕರ ಡಿಜಿಟಲ್ ಸಹಿ ಇರಬಹುದು, ಆದರೆ ಚಾಲನೆಯ ಹೊತ್ತಿಗೆ ಅದನ್ನು ಯಾರೂ ಪರೀಕ್ಷಿಸುವುದಿಲ್ಲ. ದೋಷ ತಿದ್ದಿದ ಹೊಸ ಆವೃತ್ತಿ ಬಂದರೂ ಪೆನ್‌ಡ್ರೈವ್‌ನ ಹಳೆಯದು ಶಾಲೆಯಿಂದ ಶಾಲೆಗೆ ಸುತ್ತುತ್ತಲೇ ಇರುತ್ತದೆ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಸ್ಥಿತಿಯನ್ನು ಇದರೊಡನೆ ಹೋಲಿಸಬಹುದು. ಕೇರಳದ ಐಟಿ@ಸ್ಕೂಲ್ ಯೋಜನೆ, 2017ರಿಂದ ‘ಕೈಟ್’, ಪಠ್ಯಕ್ಕೆ ಬೇಕಾದ ತಂತ್ರಾಂಶಗಳನ್ನು ಮೊದಲೇ ಸೇರಿಸಿದ ಲಿನಕ್ಸನ್ನು ಶಾಲೆಗಳಿಗೆ ಕೊಡುತ್ತದೆ. ನಮ್ಮಲ್ಲಿ ಶಿಕ್ಷಕರು ಪೆನ್‌ಡ್ರೈವ್ ಹಿಡಿದು ಹೆಣಗುವುದು ಅಂಥ ಏರ್ಪಾಟಿನ ಕೊರತೆಯಿಂದ. ಆ್ಯಪ್‌ಇಮೇಜ್ ಆ ಕೊರತೆಯನ್ನು ಮರೆಸುತ್ತದೆ, ನೀಗಿಸುವುದಿಲ್ಲ.

ಆದರೂ ನಾಳೆಯೇ ಪಾಠವಿದ್ದರೆ ಬಳಸಿ. ತಯಾರಕರ ತಾಣದಿಂದಲೇ ಇಳಿಸಿಕೊಂಡು, ಹಿಂದಿನ ದಿನವೇ ಒಂದು ಯಂತ್ರದಲ್ಲಿ ನಡೆಸಿ ನೋಡಿ. ಅಂಕಪಟ್ಟಿ ಇರುವ ನಿಮ್ಮ ಖಾತೆಯಲ್ಲಲ್ಲ, ವಿದ್ಯಾರ್ಥಿಗಳ ಖಾತೆಯಲ್ಲಿ.