ಕಿಡಿಗಳ ಆಚೆ ಏನಿದೆ? ರೋಬೋ ಕಾಳಗದ ರಸಿಕರಿಗೊಂದು ಕೈಪಿಡಿ

ರೋಬೋ ಕಾಳಗವನ್ನು ಮೊದಲ ಸಲ ನೋಡುವವರ ಕಣ್ಣು ಕಿಡಿಗಳ ಮೇಲೇ ಇರುತ್ತದೆ. ಉಕ್ಕಿಗೆ ಉಕ್ಕು ತಾಗುತ್ತದೆ, ಒಂದು ಯಂತ್ರ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ, ಮೂರು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. ಗೆದ್ದದ್ದು ಯಾಕೆ ಗೆದ್ದಿತು ಎಂದು ಕೇಳಿದರೆ ‘ಅದರ ಬ್ಲೇಡು ದೊಡ್ಡದಿತ್ತು’ ಎಂಬ ಉತ್ತರ ಬರುತ್ತದೆ. ಹೆಚ್ಚಿನ ಸಲ ಈ ಉತ್ತರ ತಪ್ಪು. ಗೆಲುವಿನ ಅರ್ಧ ಭಾಗ ಎಷ್ಟೋ ವಾರಗಳ ಹಿಂದೆ ಯಾರದೋ ಮನೆಯ ಮೇಜಿನ ಮೇಲೆ ತೀರ್ಮಾನವಾಗಿರುತ್ತದೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂದು ಆ ಮೇಜಿನ ಮುಂದೆ ಕುಳಿತವರು ಮಾಡಿದ ನಿರ್ಧಾರವೇ ಅಖಾಡದಲ್ಲಿ ಓಡಾಡುತ್ತಿರುತ್ತದೆ. ಆ ನಿರ್ಧಾರವನ್ನು ಕಣ್ಣಿನಿಂದಲೇ ಓದಲು ಕಲಿತರೆ ಈ ಆಟದ ರುಚಿ ಬೇರೆಯೇ ಆಗುತ್ತದೆ.

ತಕ್ಕಡಿಯಿಂದ ಶುರು ಮಾಡಿ

ಪ್ರತಿ ಸ್ಪರ್ಧೆಯೂ ತೂಕ ಹಾಕುವುದರಿಂದಲೇ ಆರಂಭವಾಗುತ್ತದೆ. ಅಮೆರಿಕದ ಬ್ಯಾಟಲ್‌ಬಾಟ್ಸ್‌ ಸ್ಪರ್ಧೆಯ ದೈತ್ಯರಿಗೆ ಮಿತಿ 250 ಪೌಂಡ್, ಅಂದರೆ ಸುಮಾರು 113 ಕಿಲೋ. ಮನೆಯಲ್ಲಿ ಕಟ್ಟುವವರ ಅಚ್ಚುಮೆಚ್ಚಿನ ವರ್ಗಗಳು ತೀರಾ ಚಿಕ್ಕವು. ಅಮೆರಿಕದಲ್ಲಿ ಆ್ಯಂಟ್‌ವೆಯ್ಟ್ ಎಂದರೆ 1 ಪೌಂಡ್, ಬೀಟಲ್‌ವೆಯ್ಟ್ ಎಂದರೆ 3 ಪೌಂಡ್. ಬ್ರಿಟನ್ನಿನಲ್ಲಿ ಆ್ಯಂಟ್‌ವೆಯ್ಟ್ ಕೇವಲ 150 ಗ್ರಾಂ. ಮಿತಿಗಿಂತ ಒಂದು ಗ್ರಾಂ ಹೆಚ್ಚಾದರೂ ಯಂತ್ರ ಅಖಾಡಕ್ಕೆ ಇಳಿಯುವಂತಿಲ್ಲ. ಹಾಗಾಗಿ ತೂಕ ಹಾಕುವ ಜಾಗದಲ್ಲಿ ಸ್ಕ್ರೂ ಬಿಚ್ಚುವವರು, ಕವಚಕ್ಕೆ ತೂತು ಕೊರೆಯುವವರು ಯಾವಾಗಲೂ ಸಿಗುತ್ತಾರೆ.

ಬ್ರೆಜಿಲ್‌ನ ರಿಯೋ ಡಿ ಜನೈರೋದ ವಿಶ್ವವಿದ್ಯಾಲಯವೊಂದರ ರಿಯೋಬಾಟ್ಜ್ ತಂಡವನ್ನು ಬೆಳೆಸಿದ ಪ್ರಾಧ್ಯಾಪಕ ಮಾರ್ಕೋ ಮೆಜ್ಜಿಯೋಲಾರೋ ಕಾದಾಟದ ರೋಬೋ ಕಟ್ಟುವುದರ ಬಗ್ಗೆ ದೊಡ್ಡದೊಂದು ಕೈಪಿಡಿ ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದಾರೆ. ಅದರಲ್ಲಿ ತೂಕ ಹಂಚಲು ಒಂದು ಸರಳ ಸೂತ್ರವಿದೆ: ಚಕ್ರ ಮತ್ತು ಓಟದ ಮೋಟಾರುಗಳಿಗೆ ನೂರಕ್ಕೆ 30, ಆಯುಧಕ್ಕೆ 30, ಚೌಕಟ್ಟು ಮತ್ತು ಕವಚಕ್ಕೆ 25, ಬ್ಯಾಟರಿ ಮತ್ತು ಎಲೆಕ್ಟ್ರಾನಿಕ್ಸ್‌ಗೆ 15. 3 ಪೌಂಡಿನ, ಅಂದರೆ 1,360 ಗ್ರಾಂ ರೋಬೋಗೆ ಲೆಕ್ಕ ಹಾಕಿದರೆ ಆಯುಧಕ್ಕೆ ಸಿಗುವುದು ಸುಮಾರು 410 ಗ್ರಾಂ, ಕವಚಕ್ಕೆ 340 ಗ್ರಾಂ. ಒಳ್ಳೆಯ ರೋಬೋಗಳು ಈ ಸೂತ್ರವನ್ನು ಎಲ್ಲೋ ಒಂದು ಕಡೆ ಬೇಕೆಂದೇ ಮುರಿದಿರುತ್ತವೆ. ಎಲ್ಲಿ ಮುರಿದಿದ್ದಾರೆ ಎಂದು ಹುಡುಕುವುದೇ ರಸಿಕನ ಮೊದಲ ಅಭ್ಯಾಸ. ರೇ ಬಿಲಿಂಗ್ಸ್ ಅವರ ಟೂಂಬ್‌ಸ್ಟೋನ್ 2016ರಲ್ಲಿ ಬ್ಯಾಟಲ್‌ಬಾಟ್ಸ್ ಚಾಂಪಿಯನ್ ಆಯಿತು. ಅದನ್ನು ನೋಡಿದರೆ ಚಕ್ರಗಳು ಬಯಲಲ್ಲೇ ಇವೆ, ಕವಚ ಕಡಿಮೆ. ಮುಂದೆ ತಿರುಗುವ ಭಾರಿ ಉಕ್ಕಿನ ಪಟ್ಟಿಗಾಗಿ ಉಳಿದೆಲ್ಲವನ್ನೂ ಹಿಂಡಿದ್ದಾರೆ. ‘ನೀನು ನನ್ನನ್ನು ಮುಟ್ಟುವ ಮೊದಲೇ ನಾನು ನಿನ್ನನ್ನು ಮುಗಿಸುತ್ತೇನೆ’ ಎಂಬ ಪಣವನ್ನು ಬಿಲಿಂಗ್ಸ್ ತೂಕದಲ್ಲೇ ಬರೆದಿಟ್ಟಿದ್ದಾರೆ.

ಆಯುಧಗಳ ವಂಶಾವಳಿ

ಅಮೆರಿಕದ ಡೆನ್ವರ್‌ನಲ್ಲಿ 1987ರಲ್ಲಿ ಹವ್ಯಾಸಿಗಳು ‘ಕ್ರಿಟರ್ ಕ್ರಂಚ್’ ಎಂಬ ಚಿಕ್ಕ ಸ್ಪರ್ಧೆ ನಡೆಸಿದರು. 1994ರಲ್ಲಿ ಮಾರ್ಕ್ ಥಾರ್ಪ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೋಬೋಟ್ ವಾರ್ಸ್ ಶುರು ಮಾಡಿದರು. 1998ರಲ್ಲಿ ಅದು ಬಿಬಿಸಿಯ ಟಿವಿ ಕಾರ್ಯಕ್ರಮವಾಗಿ ಬ್ರಿಟನ್ನಿನ ಮನೆಮನೆಗೆ ಹೋಯಿತು. ಬ್ಯಾಟಲ್‌ಬಾಟ್ಸ್ ಹುಟ್ಟಿದ್ದು 1999ರಲ್ಲಿ. ಈ ಹನ್ನೆರಡು ವರ್ಷಗಳಲ್ಲಿ ಕಾಣಿಸಿಕೊಂಡ ಉಪಾಯಗಳೇ ಇಂದಿಗೂ ಬಗೆಬಗೆಯಾಗಿ ಅಖಾಡಕ್ಕೆ ಬರುತ್ತಿವೆ.

ಅತಿ ಸರಳವಾದದ್ದು ವೆಜ್, ಅಂದರೆ ಇಳಿಜಾರಿನ ಮುಖದ ರೋಬೋ. ಎದುರಾಳಿಯ ಅಡಿಗೆ ನುಗ್ಗಿ ಗೋಡೆಗೆ ತಳ್ಳುವುದು ಅದರ ಕೆಲಸ. 1995ರ ರೋಬೋಟ್ ವಾರ್ಸ್‌ನಲ್ಲಿ ಗೆದ್ದ ಲಾ ಮಷೀನ್ ಇದೇ ಜಾತಿಯದು. 1998ರ ಮೊದಲ ಬ್ರಿಟಿಷ್ ಚಾಂಪಿಯನ್ ರೋಡ್‌ಬ್ಲಾಕ್ ಕೂಡ ವೆಜ್ಜೇ. ಅದನ್ನು ಕಟ್ಟಿದ್ದು ಕಾರ್ನ್‌ವಾಲ್‌ನ ಬೋಡ್ಮಿನ್ ಕಮ್ಯೂನಿಟಿ ಕಾಲೇಜಿನ ತಂಡ. ಆಮೇಲೆ ಫ್ಲಿಪ್ಪರ್‌ಗಳು ಬಂದವು. ಒತ್ತಡದ ಅನಿಲವನ್ನು ಒಮ್ಮೆಲೇ ಬಿಟ್ಟು ಎದುರಾಳಿಯನ್ನು ಎತ್ತಿ ಎಸೆಯುವ ಯಂತ್ರಗಳಿವು. ಜಾರ್ಜ್ ಫ್ರಾನ್ಸಿಸ್ ಅವರ ಕೇಯಾಸ್ 2 ಎದುರಾಳಿಯನ್ನು ಅಖಾಡದಿಂದಲೇ ಹೊರಗೆಸೆದು ಎರಡು ಸಲ ಪಟ್ಟ ಗೆದ್ದಿತು. ರೇಜರ್ ಎಂಬ ಬ್ರಿಟಿಷ್ ರೋಬೋ ಹೈಡ್ರಾಲಿಕ್ ಕೊಕ್ಕಿನಿಂದ ಕವಚವನ್ನು ಚುಚ್ಚುತ್ತಿತ್ತು. ಅದರ ಏಟಿನಲ್ಲಿ ವೇಗವಿಲ್ಲ, ಹಿಡಿತವಿದೆ. ಒಮ್ಮೆ ಸಿಕ್ಕಿಬಿದ್ದರೆ ಬಿಡಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಇಂದು ಎಲ್ಲೆಲ್ಲೂ ಸ್ಪಿನ್ನರ್‌ಗಳದೇ ರಾಜ್ಯ. ಅವುಗಳ ಹಿರಿಯ ಬ್ಲೆಂಡೋ. ಮುಂದೆ ಮಿತ್‌ಬಸ್ಟರ್ಸ್ ಕಾರ್ಯಕ್ರಮದಿಂದ ಜಗತ್ತಿಗೆ ಪರಿಚಿತರಾದ ಜೇಮಿ ಹೈನಮನ್ 1995ರಲ್ಲಿ ಬಾಣಲೆಯ ಚಿಪ್ಪಿನೊಳಗೆ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಇಟ್ಟು ಅದನ್ನು ಕಟ್ಟಿದರು. ಅದು ಮುರಿದ ತುಣುಕುಗಳು ಅಖಾಡದ ಗೋಡೆ ದಾಟಿ ಹಾರಿದವು. ಪ್ರೇಕ್ಷಕರ ಹಿತಕ್ಕಾಗಿ ಅದನ್ನು ಸ್ಪರ್ಧೆಯಿಂದ ಹೊರಗಿಡಬೇಕಾಯಿತು. ಇಂದಿನ ಅಖಾಡಗಳ ದಪ್ಪ ಪಾಲಿಕಾರ್ಬೊನೇಟ್ ಗೋಡೆಗಳಿಗೆ ಇಂಥ ಏಟುಗಳೇ ಕಾರಣ.

ಸ್ಪಿನ್ನರ್‌ಗಳಲ್ಲಿ ಎರಡು ಮುಖ್ಯ ಬಗೆ. ಅಡ್ಡವಾಗಿ ತಿರುಗುವವು ದೂರದವರೆಗೆ ಕೈ ಚಾಚುತ್ತವೆ, ಆದರೆ ಹೊಡೆದಷ್ಟೇ ಬಲ ತಮ್ಮ ಮೇಲೂ ತಿರುಗಿ ಬಂದು ತಾವೇ ಬುಗುರಿಯಂತೆ ಸುತ್ತುತ್ತವೆ. ನೆಟ್ಟಗೆ ನಿಂತು ತಿರುಗುವವು ಎದುರಾಳಿಯನ್ನು ಮೇಲಕ್ಕೆ ಎಸೆಯುತ್ತವೆ. ಆ ಬಲದ ಪ್ರತಿಕ್ರಿಯೆ ನೆಲಕ್ಕೆ ಇಳಿಯುವುದರಿಂದ ತಮ್ಮ ಜಾಗ ಬಿಟ್ಟು ಕದಲುವುದು ಕಡಿಮೆ. ಅವುಗಳ ಕಷ್ಟ ಬೇರೆ: ತಿರುಗುವ ಚಕ್ರದ ಜೈರೋ ಗುಣದಿಂದಾಗಿ, ವೇಗವಾಗಿ ತಿರುವು ತೆಗೆದುಕೊಂಡ ಕೂಡಲೇ ಒಂದು ಬದಿಯ ಗಾಲಿ ನೆಲ ಬಿಟ್ಟೇಳುತ್ತದೆ. ಆ ಗಾಲಿಯನ್ನು ಗಮನಿಸಿ. ಅದನ್ನು ನೆಲಕ್ಕೇ ಅಂಟಿಸಿಟ್ಟು ತಿರುಗಿಸಬಲ್ಲವನು ಪಳಗಿದ ಚಾಲಕ.

ಬೈಟ್: ಕಾಣದ ಲೆಕ್ಕ

ಜೋರಾಗಿ ತಿರುಗಿದಷ್ಟೂ ಒಳ್ಳೆಯದು ಎಂದು ತಿಳಿಯುವುದು ಸಹಜ. ಇಲ್ಲೊಂದು ಸೂಕ್ಷ್ಮವಿದೆ. ಎರಡು ರೋಬೋಗಳು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಒಂದನ್ನೊಂದು ಸಮೀಪಿಸುತ್ತಿವೆ ಎನ್ನಿ. ಒಂದೇ ಹಲ್ಲಿನ ಆಯುಧ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದ್ದರೆ ಹಲ್ಲು ಒಮ್ಮೆ ಬಂದು ಮತ್ತೆ ಬರುವಷ್ಟರಲ್ಲಿ ಎದುರಾಳಿ 3 ಸೆಂಟಿಮೀಟರ್ ಒಳಗೆ ಬಂದಿರುತ್ತದೆ. ಹಲ್ಲಿಗೆ ಹಿಡಿಯಲು ಅಷ್ಟು ಸಿಗುತ್ತದೆ. ಇದಕ್ಕೆ ಆಟಗಾರರು ಬೈಟ್ ಎನ್ನುತ್ತಾರೆ. ಹಲ್ಲುಗಳನ್ನು ಎರಡು ಮಾಡಿದರೆ ಅಥವಾ ವೇಗವನ್ನು 12,000ಕ್ಕೆ ಏರಿಸಿದರೆ ಬೈಟ್ ಅರ್ಧಕ್ಕೆ, 1.5 ಸೆಂಟಿಮೀಟರಿಗೆ ಇಳಿಯುತ್ತದೆ. ಇನ್ನೂ ಕಡಿಮೆಯಾದರೆ ಆಯುಧ ಕವಚವನ್ನು ಸವರಿ ಕಿಡಿ ಹಾರಿಸುತ್ತದೆಯೇ ಹೊರತು ಏಟು ಕೂರುವುದಿಲ್ಲ. ಕಿಡಿಯ ಮಳೆ ಎಷ್ಟೋ ಸಲ ವಿಫಲವಾದ ಏಟಿನ ಗುರುತು. ‘ಠಣ್’ ಎಂಬ ಒಂದೇ ಸದ್ದು ಕೇಳಿ ಎದುರಾಳಿ ನೆಲ ಬಿಟ್ಟು ಹಾರಿದರೆ ಅದು ನಿಜವಾದ ಏಟು. ಜಾಣ ತಂಡಗಳು ಒಂದೇ ಹಲ್ಲಿನ, ಇನ್ನೊಂದು ಬದಿಗೆ ಭಾರ ಕೊಟ್ಟು ಸಮತೋಲ ಮಾಡಿದ ಆಯುಧಗಳನ್ನು ಇಷ್ಟಪಡುವುದು ಇದೇ ಕಾರಣಕ್ಕೆ.

ಚಿಕ್ಕ ರೋಬೋ ಎಂದು ಹಗುರವಾಗಿ ಕಾಣಬೇಡಿ. 300 ಗ್ರಾಂ ತೂಕದ, 20 ಸೆಂಟಿಮೀಟರ್ ಉದ್ದದ ಉಕ್ಕಿನ ಪಟ್ಟಿ ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಅದರಲ್ಲಿ 500 ಜೂಲ್‌ಗೂ ಹೆಚ್ಚು ಶಕ್ತಿ ತುಂಬಿರುತ್ತದೆ. 5 ಕಿಲೋ ಕಲ್ಲು ಮೂರನೇ ಮಹಡಿಯ ತಾರಸಿಯಿಂದ ಬಿದ್ದಷ್ಟು. ಪಟ್ಟಿಯ ತುದಿಯ ವೇಗ ಗಂಟೆಗೆ ಸುಮಾರು 375 ಕಿಲೋಮೀಟರ್.

ನೆಲದ ಮೇಲಿನ ಜಗಳ

ಪಳಗಿದ ಪ್ರೇಕ್ಷಕರು ಮೊದಲು ನೋಡುವುದು ರೋಬೋಗಳ ಮೂತಿ ನೆಲಕ್ಕೆ ತಾಗುವ ಜಾಗವನ್ನು. ಯಾರ ಮೂತಿ ಕೆಳಗಿದೆಯೋ ಅವರು ಎದುರಾಳಿಯ ಗಾಲಿಗಳನ್ನು ನೆಲದಿಂದ ಬಿಡಿಸುತ್ತಾರೆ. ಗಾಲಿ ಮೇಲೆದ್ದ ರೋಬೋ ತನ್ನ ಇಚ್ಛೆಯಂತೆ ಓಡಲಾರದು. ಅದಕ್ಕಾಗಿಯೇ ಮುಂದಕ್ಕೆ ಚಾಚಿದ, ಕೀಲಿನಲ್ಲಿ ಆಡುವ ತೆಳು ಉಕ್ಕಿನ ಫೋರ್ಕ್‌ಗಳನ್ನು ಕಟ್ಟುತ್ತಾರೆ. ಅಖಾಡದ ನೆಲದ ಹಲಗೆಗಳ ನಡುವಿನ ಸಂದಿನಲ್ಲಿ ಅದೇ ಫೋರ್ಕ್ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಉದ್ದ ಫೋರ್ಕ್ ಹಾಕಬೇಕೋ ಗಿಡ್ಡದ್ದೋ ಎಂದು ತಂಡಗಳು ಪ್ರತಿ ಪಂದ್ಯಕ್ಕೂ ಎದುರಾಳಿಯನ್ನು ನೋಡಿ ಆಯ್ದುಕೊಳ್ಳುತ್ತವೆ. ಪಂದ್ಯಕ್ಕೆ ಮುಂಚೆ ಎರಡೂ ಮೂತಿಗಳನ್ನು ಹೋಲಿಸಿ ನಿಮ್ಮದೇ ಊಹೆ ಮಾಡಿ. ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಏಟು ತಿನ್ನುವ ಜಾಣ್ಮೆ

ಅತಿ ಗಟ್ಟಿ ಉಕ್ಕು ಬಿರಿಯುತ್ತದೆ. ಮೆದು ಉಕ್ಕು ಬಾಗಿ ನೆಲಕ್ಕೆ ತಾಗಿ, ರೋಬೋ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಏಟು ಬೀಳುವ ಕಡೆ ಸವೆತ ತಡೆಯುವ ಏಆರ್ 500 ಬಗೆಯ ಉಕ್ಕನ್ನು, ತೂಕ ಉಳಿಸಬೇಕಾದ ಕಡೆ ಟೈಟಾನಿಯಂ ಅಥವಾ ಅಲ್ಯೂಮಿನಿಯಂ ಅನ್ನು ಬಳಸುತ್ತಾರೆ. ಚಿಕ್ಕ ರೋಬೋಗಳಲ್ಲಿ ಮನೆಯ ತ್ರೀಡಿ ಪ್ರಿಂಟರಿನಲ್ಲೇ ತಯಾರಾದ ರಬ್ಬರಿನಂಥ ಟಿಪಿಯು ಪ್ಲಾಸ್ಟಿಕ್ ಅದ್ಭುತವಾಗಿ ಕೆಲಸ ಮಾಡುತ್ತದೆ. ಅದು ಏಟನ್ನು ಎದುರಿಸುವುದಿಲ್ಲ, ನುಂಗಿಕೊಳ್ಳುತ್ತದೆ. ಆಯುಧವನ್ನು ತಿರುಗಿಸುವ ಬೆಲ್ಟು ಕೂಡ ಹೀಗೇ: ದೊಡ್ಡ ಏಟು ಬಿದ್ದಾಗ ಅದು ಜಾರಿದರೆ ಮೋಟಾರು ಉಳಿಯುತ್ತದೆ. ಜಾರಬೇಕೆಂದೇ ಅದನ್ನು ಆರಿಸಿರುತ್ತಾರೆ.

ಈ ಯೋಚನೆಯ ತುತ್ತತುದಿ ಜೊನಾಥನ್ ಶುಲ್ಟ್ಸ್ ಅವರ ಹ್ಯೂಜ್. ಎರಡು ಭಾರಿ ಪ್ಲಾಸ್ಟಿಕ್ ಗಾಲಿಗಳು, ಅವುಗಳ ನಡುವೆ ಎತ್ತರದಲ್ಲಿ ನೇತಾಡುವ ಚಿಕ್ಕ ದೇಹ. ನೆಲಮಟ್ಟದಲ್ಲಿ ತಿರುಗುವ ಆಯುಧಗಳಿಗೆ ಹೊಡೆಯಲು ಸಿಗುವುದು ಬಳುಕುವ ಗಾಲಿ ಮಾತ್ರ. ಕವಚಕ್ಕೆ ತೂಕ ಸುರಿಯುವ ಬದಲು ಏಟಿನ ದಾರಿಯಿಂದಲೇ ದೇಹವನ್ನು ಮೇಲೆತ್ತಿದ ಈ ಒಂದು ಉಪಾಯಕ್ಕೇ ಹ್ಯೂಜ್‌ನ ಪಂದ್ಯಗಳನ್ನು ನೋಡಬೇಕು.

ಉತ್ತರ ಬದಲಿಸುವ ಧೈರ್ಯವನ್ನು ನೋಡಬೇಕೆಂದರೆ ಪಾಲ್ ವೆಂಟಿಮಿಲಿಯಾ ಅವರ ಬೈಟ್ ಫೋರ್ಸ್ ನೋಡಿ. 2015ರ ಬ್ಯಾಟಲ್‌ಬಾಟ್ಸ್ ಫೈನಲ್‌ನಲ್ಲಿ ಅದು ತಿರುಗುವ ಆಯುಧವೇ ಇಲ್ಲದೆ, ಎತ್ತುವ ತೋಳಿನಿಂದ ಟೂಂಬ್‌ಸ್ಟೋನನ್ನು ಸೋಲಿಸಿತು. 2018ರಲ್ಲಿ ಅದೇ ಹೆಸರಿನ ರೋಬೋ ನೆಟ್ಟಗೆ ತಿರುಗುವ ಸ್ಪಿನ್ನರ್ ಆಗಿ ಬಂದು, ರಿಯೋಬಾಟ್ಜ್ ತಂಡದ ಮಿನೋಟಾರನ್ನು ಫೈನಲ್‌ನಲ್ಲಿ ಮಣಿಸಿತು. 2019ರಲ್ಲೂ ಪಟ್ಟ ಅದರದೇ. ಗೆದ್ದ ಯಂತ್ರವನ್ನು ಪಕ್ಕಕ್ಕಿಟ್ಟು ಹೊಸದಾಗಿ ಯೋಚಿಸುವುದು ಸೋತ ಮೇಲೆ ಯೋಚಿಸುವುದಕ್ಕಿಂತ ಕಷ್ಟದ ಕೆಲಸ.

ತೀರ್ಪು ಹೇಗೆ?

ಮೂರು ನಿಮಿಷದೊಳಗೆ ಯಾರೂ ನಿಷ್ಕ್ರಿಯರಾಗದಿದ್ದರೆ ತೀರ್ಪುಗಾರರು ನಿರ್ಧರಿಸುತ್ತಾರೆ. ಬ್ಯಾಟಲ್‌ಬಾಟ್ಸ್‌ನ ಈಚಿನ ನಿಯಮದಲ್ಲಿ ಮೂವರು ತೀರ್ಪುಗಾರರು. ಒಬ್ಬೊಬ್ಬರ ಕೈಯಲ್ಲೂ 11 ಅಂಕ: ಹಾನಿಗೆ 5, ಆಕ್ರಮಣಕ್ಕೆ 3, ಹಿಡಿತಕ್ಕೆ 3. ನೀವೂ ಮನಸ್ಸಿನಲ್ಲಿ ಹಂಚುತ್ತಾ ಹೋಗಿ. ಹಾನಿಯನ್ನು ಅಳೆಯುವಾಗ ಗೀರುಗಳಿಗೆ ಮರುಳಾಗಬೇಡಿ. ಕವಚ ಇರುವುದೇ ಗೀರು ಬೀಳಿಸಿಕೊಳ್ಳಲು. ಆಯುಧ ನಿಂತಿತೇ, ಗಾಲಿ ಹೋಯಿತೇ, ನೇರವಾಗಿ ಓಡುತ್ತಿದೆಯೇ ಎಂದು ಕೇಳಿಕೊಳ್ಳಿ. ತಲೆಕೆಳಗಾದ ರೋಬೋ ತಾನೇ ಎದ್ದು ನಿಂತಿತೋ, ಇಲ್ಲವೇ ತಲೆಕೆಳಗಾಗಿಯೇ ಓಡುವಂತೆ ಕಟ್ಟಿದ್ದಾರೋ ಎಂಬುದನ್ನೂ ನೋಡಿ.

ಪಿಟ್‌ಗೆ ಹೋಗಿ ಬನ್ನಿ

ಈ ಕಲೆಯ ಅರ್ಧ ಭಾಗ ಪ್ರೇಕ್ಷಕರ ಕಣ್ಣಿಗೆ ಬೀಳುವುದೇ ಇಲ್ಲ. ಪಿಟ್ ಎಂದರೆ ತಂಡಗಳು ರೋಬೋಗಳನ್ನು ದುರಸ್ತಿ ಮಾಡುವ ಜಾಗ. ಪಂದ್ಯ ಮುಗಿದ ಮೇಲೆ ಸಿಗುವ ಚೂರು ಸಮಯದಲ್ಲಿ ಮೋಟಾರು ಬದಲಿಸಬೇಕು, ಬಾಗಿದ್ದನ್ನು ನೆಟ್ಟಗೆ ಮಾಡಬೇಕು, ಬ್ಯಾಟರಿ ತುಂಬಬೇಕು. ನಾಲ್ಕು ಬೋಲ್ಟ್ ಬಿಚ್ಚಿದರೆ ಇಡೀ ಗಾಲಿಯ ಜೋಡಣೆ ಕೈಗೆ ಬರುವ ರೋಬೋಗೂ, ಒಂದು ತಂತಿ ಮುಟ್ಟಲು ಹೊಟ್ಟೆಯೆಲ್ಲ ಬಿಚ್ಚಬೇಕಾದ ರೋಬೋಗೂ ಅಖಾಡದಲ್ಲಿ ವ್ಯತ್ಯಾಸ ಕಾಣದು. ಇಲ್ಲಿ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಎದುರಾಗಬೇಕಾದ ತಂಡಕ್ಕೇ ಮೋಟಾರು, ಬೆಸುಗೆ ಕಡ್ಡಿ ಎರವಲು ಕೊಡುವವರನ್ನೂ ಇಲ್ಲೇ ನೋಡಬಹುದು. ಸುಸ್ಥಿತಿಯಲ್ಲಿರುವ ಎದುರಾಳಿಯನ್ನು ಸೋಲಿಸಬೇಕು ಎಂಬುದು ಈ ಸಮುದಾಯದ ಅಲಿಖಿತ ನಿಯಮ. ನನಗೆ ಈ ಆಟದಲ್ಲಿ ಅತಿ ಹೆಚ್ಚು ಗೌರವ ಮೂಡಿಸಿದ್ದು ಇದೇ.

ಸುರಕ್ಷತೆಯ ಶಿಸ್ತೂ ಇಲ್ಲಿ ಕಾಣುವ ಕಲೆ. ಅಖಾಡದ ಹೊರಗಿದ್ದಷ್ಟು ಹೊತ್ತೂ ಆಯುಧಕ್ಕೆ ಬೀಗ ಹಾಕಿರಬೇಕು. ರಿಮೋಟಿನ ಸಂಪರ್ಕ ತಪ್ಪಿದರೆ ಎಲ್ಲವೂ ತಾನಾಗಿ ನಿಲ್ಲಬೇಕು. ಪೆಟ್ಟು ತಿಂದ ಲಿಥಿಯಂ ಪಾಲಿಮರ್ ಬ್ಯಾಟರಿ ತಡವಾಗಿಯೂ ಹೊತ್ತಿಕೊಳ್ಳಬಹುದು, ಅದಕ್ಕೇ ಮರಳಿನ ಬಕೆಟ್. ಕಟ್ಟುವ ಆಸೆಯಿದ್ದವರು ತಿರುಗುವ ಆಯುಧವನ್ನು ಮುಚ್ಚಿದ ಗಟ್ಟಿ ಪೆಟ್ಟಿಗೆಯ ಹೊರಗೆ ಎಂದೂ ಪರೀಕ್ಷಿಸಬಾರದು.

ಎಲ್ಲಿ ನೋಡುವುದು, ಎಲ್ಲಿ ಶುರು ಮಾಡುವುದು?

ನಮ್ಮ ದೇಶದಲ್ಲಿ ಈ ಆಟ ಬೆಳೆದದ್ದು ಎಂಜಿನಿಯರಿಂಗ್ ಕಾಲೇಜುಗಳ ಉತ್ಸವಗಳಲ್ಲಿ. ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ನ ರೋಬೋವಾರ್ಸ್ ಇವುಗಳಲ್ಲಿ ದೊಡ್ಡ ಹೆಸರು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮೋಟಾರು, ಬ್ಯಾಟರಿ, ತಂತಿ ಸಿಗುತ್ತವೆ. ಪೀಣ್ಯದ ವರ್ಕ್‌ಶಾಪುಗಳಲ್ಲಿ ಉಕ್ಕು ಕೊಯ್ಯಿಸಿಕೊಳ್ಳಬಹುದು. ಆದರೂ ಮೊದಲ ರೋಬೋ 150 ಗ್ರಾಂ ಅಥವಾ 1 ಪೌಂಡಿನದೇ ಆಗಿರಲಿ, ತಿರುಗುವ ಆಯುಧವಿಲ್ಲದ ವೆಜ್ ಆಗಿರಲಿ. ಓಡಿಸುವ ಕೈ ಪಳಗಿದ ಮೇಲೆ ಆಯುಧದ ಮಾತು. ಕಟ್ಟುವ ಮನಸ್ಸಿಲ್ಲದವರೂ ಒಮ್ಮೆ ಕಾಗದದ ಮೇಲೆ 1,360 ಗ್ರಾಂಗಳನ್ನು ಹಂಚಿ ನೋಡಿ. ಕವಚಕ್ಕೆ 20 ಗ್ರಾಂ ಹೆಚ್ಚು ಬೇಕೆನಿಸಿದಾಗ ಅದನ್ನು ಎಲ್ಲಿಂದ ಕಿತ್ತುಕೊಳ್ಳುವುದು ಎಂಬ ಸಂಕಟ ಗೊತ್ತಾದರೆ, ಮುಂದೆ ನೋಡುವ ಪ್ರತಿ ಪಂದ್ಯವೂ ಅರ್ಥವಾಗತೊಡಗುತ್ತದೆ.

ಉತ್ಸವಕ್ಕೆ ಹೋದಾಗ ಪಂದ್ಯ ಮುಗಿಸಿ ಬಂದ ತಂಡವನ್ನು ‘ಗೆದ್ದಿರಾ?’ ಎಂದು ಕೇಳಬೇಡಿ. ‘ತೂಕ ಹೆಚ್ಚಾದಾಗ ಯಾವುದನ್ನು ತೆಗೆದಿರಿ?’ ಎಂದು ಕೇಳಿ. ಗೆದ್ದವರೂ ಸೋತವರೂ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ರೋಬೋದ ಮುಚ್ಚಳ ತೆರೆದು, ನಿಮಗೆ ಎಲ್ಲವನ್ನೂ ತೋರಿಸುತ್ತಾರೆ.